ಪ್ಲಾಸ್ಟಿಕ್, ಕಾಗದ, ಬಟ್ಟೆ: ಯಾವ ಚೀಲ?

ಪರಿಸರಕ್ಕೆ ಯಾವ ಚೀಲ ಒಳ್ಳೆಯದು ಎಂದು ಕೇಳಿದ್ದೀರಿ. ಯಾವ ಹಾನಿಯನ್ನು ಲೆಕ್ಕ ಹಾಕುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ.

ತಯಾರಿಕೆಯನ್ನಷ್ಟೇ ನೋಡಿದರೆ ತೆಳು ಪ್ಲಾಸ್ಟಿಕ್ಕಿನದೇ ಕಡಿಮೆ ಹೊರೆ. ಹತ್ತಿ ಬೆಳೆಯಲು ನೀರು, ಗೊಬ್ಬರ, ಕೀಟನಾಶಕ ಧಾರಾಳವಾಗಿ ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ದೃಷ್ಟಿಯಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಕಾಗದದ್ದನ್ನು 3 ಸಲ, ಹತ್ತಿಯದನ್ನು 131 ಸಲ ಬಳಸಬೇಕು. ಡೆನ್ಮಾರ್ಕಿನ 2018ರ ವರದಿಯಂತೂ ಹತ್ತಿಗೆ 7,100 ಸಲ ಎಂದಿತು! ಗಾಬರಿ ಬೇಡ, ಆ ಅಂಕಿ ಅಷ್ಟೆತ್ತರಕ್ಕೆ ಏರಿದ್ದು ಓಝೋನ್ ಪದರದ ಹಾನಿಯ ಲೆಕ್ಕದಿಂದ. ಹವಾಮಾನವೊಂದನ್ನೇ ಪರಿಗಣಿಸಿದರೆ ಅದೇ ವರದಿಯಲ್ಲಿ 52 ಸಲ ಸಾಕು.

ಎಲ್ಲೆಂದರಲ್ಲಿ ಎಸೆದ ಮೇಲಿನ ಕಥೆಯೇ ಬೇರೆ, ಆ ಲೆಕ್ಕಗಳು ಅದನ್ನು ಹಿಡಿದಿಲ್ಲ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಚೂರಾಗುತ್ತದೆ. ಕಡಲಾಮೆಗಳು ಅದನ್ನು ಅಂಬಲಿ ಮೀನು (ಜೆಲ್ಲಿಫಿಶ್) ಎಂದು ನುಂಗುತ್ತವೆ. ಚೀಲಗಳಿಂದ ಚರಂಡಿ ಕಟ್ಟಿಕೊಂಡು ಪ್ರವಾಹ ಹೆಚ್ಚಿದ್ದರಿಂದಲೇ ಬಾಂಗ್ಲಾದೇಶ 2002ರಲ್ಲಿ ತೆಳು ಚೀಲಗಳನ್ನು ನಿಷೇಧಿಸಿತು.

ಬಾಳಿಕೆಯಲ್ಲಿ ಕಾಗದ ಸೋಲುತ್ತದೆ; ಒದ್ದೆಯಾದರೆ ಮುಗಿಯಿತು.

ವಾರಕ್ಕೊಮ್ಮೆಯಾದರೂ, ವರ್ಷಗಟ್ಟಲೆ ಒಂದೇ ಚೀಲ ಹಿಡಿದು ಹೋಗುವವರಿಗೆ ಬಟ್ಟೆ ಸರಿ. ಮರೆತು ಹೋಗಿ ಪ್ರತಿಸಲ ಹೊಸದು ಕೊಳ್ಳುವವರಿಗೆ ಅದು ತಕ್ಕದ್ದಲ್ಲ. ಕಸ ಸಂಗ್ರಹ ಸರಿಯಿಲ್ಲದ, ನದಿ ಅಥವಾ ಕಡಲ ಪಕ್ಕದ ಊರಿನಲ್ಲಿ ಅಪರೂಪಕ್ಕೊಂದು ಚೀಲ ಬೇಕಾದರೆ ಕಾಗದವೇ ವಾಸಿ. ಮನೆಯಲ್ಲಿ ಈಗಾಗಲೇ ಪ್ಲಾಸ್ಟಿಕ್ ಚೀಲಗಳ ರಾಶಿಯಿದ್ದರೆ ಅವನ್ನೇ ಹರಿಯುವವರೆಗೆ ಬಳಸಿ.