ಕಟ್ಟೆಯ ಮೇಲೆ ಒಂದು ತಿಂಗಳು: ‘ಎ ವಿಜರ್ಡ್ ಆಫ್ ಅರ್ಥ್‌ಸೀ’

ಒಂಬತ್ತನೆಯ ತರಗತಿಯ ಮಗಳ ಕೈಯಿಂದ ಮೊಬೈಲ್ ಬಿಡಿಸುವ ಹಟದಲ್ಲಿ ಬೇಸಿಗೆ ರಜೆಗೆಂದು ಉರ್ಸುಲಾ ಲೆ ಗ್ವಿನ್ ಅವರ ಈ ಕಾದಂಬರಿಯನ್ನು ಆನ್‌ಲೈನಿನಲ್ಲಿ ತರಿಸಿದ್ದೆ. 1968ರ ಪುಸ್ತಕ, ಹದಿಹರೆಯದವರಿಗಾಗಿಯೇ ಬರೆದದ್ದು. ಬಂದ ಪ್ರತಿಯ ಮೂಲೆ ಮಡಿಚಿತ್ತು. ಅಕ್ಷರಗಳು ಇರುವೆ ಸಾಲಿನಷ್ಟು ಸಣ್ಣವು. ದ್ವೀಪಗಳ ನಕ್ಷೆಯ ಅರ್ಧ ಭಾಗ ಎರಡು ಪುಟಗಳ ನಡುವಿನ ಮಡಿಕೆಯೊಳಗೆ ಹೂತುಹೋಗಿತ್ತು. ನಾಯಕ ದೋಣಿ ಹತ್ತಿದಾಗಲೆಲ್ಲ ನಾವು ಪುಸ್ತಕದ ಬೆನ್ನು ಮುರಿಯುವಂತೆ ಅಗಲಿಸಿ ಊರು ಹುಡುಕಬೇಕಾಯಿತು. ಈಗ ಮೊದಲ ನಾಲ್ಕು ಹಾಳೆಗಳು ಸಡಿಲವಾಗಿವೆ.

ಮೊದಲ ವಾರ ಪೂರ್ತಿ ಸೋಲು. ಮಗಳು ಇಪ್ಪತ್ತು ಪುಟ ಓದಿ, “ಅವ್ವಾ, ಇದರಲ್ಲಿ ಯಾರೂ ಮಾತನಾಡುವುದೇ ಇಲ್ಲ” ಎಂದು ಪುಸ್ತಕವನ್ನು ಟಿ.ವಿ. ಮೇಲಿಟ್ಟಳು. ಅವಳ ದೂರು ಸುಳ್ಳಲ್ಲ. ಸಂಭಾಷಣೆ ಕಡಿಮೆ, ಒಬ್ಬರು ಕುಳಿತು ಹೇಳುತ್ತಿರುವ ಧಾಟಿ. ಸುಮ್ಮನೆ ಕಣ್ಣಾಡಿಸಿ ಓದಿದರೆ ಒಣಗಿದ ರೊಟ್ಟಿ ಕಡಿದಂತೆ.

ಒಂದು ರಾತ್ರಿ ಕರೆಂಟು ಹೋಯಿತು. ಬಾಗಲಕೋಟೆ ನವನಗರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ನೆನಪಿದ್ದಷ್ಟು ಕಥೆಯನ್ನು ಮಗಳಿಗೆ ಹೇಳಲು ಶುರು ಮಾಡಿದೆ. ಗಾಂಟ್ ದ್ವೀಪದಲ್ಲಿ ಆಡು ಕಾಯುವ ಏಳು ವರ್ಷದ ಹುಡುಗ. ಚಾವಣಿ ಏರಿದ ಆಡನ್ನು ಚಿಕ್ಕಮ್ಮ ಒಂದು ಮಾತು ಹೇಳಿ ಇಳಿಸಿದ್ದನ್ನು ಕೇಳಿಸಿಕೊಂಡು, ಮರುದಿನ ಅದನ್ನೇ ಕೂಗುತ್ತಾನೆ. ಆಡುಗಳೆಲ್ಲ ಓಡಿ ಬಂದು ಅವನನ್ನು ಒತ್ತರಿಸಿ ನಿಲ್ಲುತ್ತವೆ, ಬಿಡುವುದೇ ಇಲ್ಲ. ಅವುಗಳ ನಡುವೆ ಸಿಕ್ಕಿಕೊಂಡ ಹುಡುಗ ಅಳುತ್ತಾ ಊರೊಳಗೆ ಬರುತ್ತಾನೆ. ಪಕ್ಕದಲ್ಲಿ ಜಪಮಾಲೆ ಹಿಡಿದಿದ್ದ ನಮ್ಮ ಅತ್ತೆ ಎಣಿಕೆ ನಿಲ್ಲಿಸಿ, “ಕರೆಯುವ ಮಾತು ಕಲಿತ, ಬಿಡಿಸುವ ಮಾತು ಕಲಿಯಲಿಲ್ಲ” ಎಂದರು. ಆಗ ನನಗೆ ಅದು ತಮಾಷೆಯ ಮಾತು. ನಾಲ್ಕನೆಯ ಅಧ್ಯಾಯದಲ್ಲಿ, ಅದೇ ಹುಡುಗ ದೊಡ್ಡವನಾಗಿ, ಜಂಬಕ್ಕೆ ಸತ್ತವಳೊಬ್ಬಳನ್ನು ಕರೆಯಹೋಗಿ, ಅವಳ ಹಿಂದೆಯೇ ಹೆಸರಿಲ್ಲದ ನೆರಳೊಂದು ನುಗ್ಗಿ ಬಂದಾಗ, ಅತ್ತೆ ಕಾದಂಬರಿಯನ್ನು ಮೊದಲ ದಿನವೇ ಓದಿ ಮುಗಿಸಿದ್ದರು ಅನ್ನಿಸಿತು.

ಅಂದಿನಿಂದ ಕ್ರಮ ಬದಲಾಯಿತು. ಒಟ್ಟು ಹತ್ತು ಅಧ್ಯಾಯ. ಒಂದಕ್ಕೆ ಎರಡು ಮೂರು ರಾತ್ರಿ. ಮಗಳು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುವುದು, ನಾನು ಕನ್ನಡದಲ್ಲಿ ಹೇಳುವುದು. ‘ವಿಜರ್ಡ್’ಗೆ ಮೊದಲು ಮಂತ್ರವಾದಿ ಎಂದೆ. “ಮಂತ್ರವಾದಿ ಎಂದರೆ ನಿಂಬೆಹಣ್ಣು, ಗೊಂಬೆ, ದುಡ್ಡು. ಈ ಮುದುಕ ಹಾಗಿಲ್ಲ” ಎಂದು ಅತ್ತೆ ತಡೆದರು. ಸಿದ್ಧ ಎಂದಮೇಲೆ ಒಪ್ಪಿದರು. ಹುಡುಗನಿಗೆ ಗುರುವಾದ ಆ ಮುದುಕನ ಹೆಸರು ಓಗಿಯನ್. ಮಳೆಯನ್ನು ಅತ್ತ ಸರಿಸುವ ವಿದ್ಯೆ ಗೊತ್ತಿದ್ದೂ ಅದನ್ನು ಬೀಳಲು ಬಿಟ್ಟು ಮರದಡಿ ಮಲಗುತ್ತಾನೆ. ಮೋಡ ಕಂಡರೆ ಕೈಮುಗಿಯುವ ನಮ್ಮ ಸೀಮೆಯವರಿಗೆ ಮಳೆಯನ್ನು ಓಡಿಸುವ ವಿದ್ಯೆಯೇ ವಿಚಿತ್ರ! ಆದರೆ ಸಿದ್ಧರ ಶಾಲೆ ಇರುವ ರೋಕ್ ದ್ವೀಪದ ಗುರುಗಳು ಹೇಳುವ ಕಾರಣ, ಇಲ್ಲಿ ಸುರಿಸಿದ ಮಳೆ ಇನ್ನೊಂದು ದ್ವೀಪದಲ್ಲಿ ಬರವಾಗಬಹುದು ಎಂಬುದು, ಅತ್ತೆಗೆ ಬಿಡಿಸಿ ಹೇಳಬೇಕಾಗಲಿಲ್ಲ. ಹಳೆ ಬಾಗಲಕೋಟೆಯ ಅವರ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗಿದೆ. “ಯಾರದೋ ಹೊಲಕ್ಕೆ ನೀರು ಹರಿಯಲಿ ಎಂದು ನಮ್ಮ ಅಡುಗೆಮನೆಗೆ ನೀರು ಬಂತು” ಎಂದು ಸಿಟ್ಟಿಲ್ಲದೆ ಹೇಳಿದರು. ನಾವೀಗ ಇರುವುದು ಸೆಕ್ಟರ್ ನಂಬರಿನ ಊರಿನಲ್ಲಿ.

ಈ ಪುಸ್ತಕದ ಜೀವ ಇರುವುದು ಹೆಸರಿನಲ್ಲಿ. ಪ್ರತಿ ವಸ್ತುವಿಗೂ ಪ್ರತಿ ಮನುಷ್ಯನಿಗೂ ಒಂದು ನಿಜನಾಮ. ಅದು ಗೊತ್ತಾದವರ ಕೈಗೆ ನಿಮ್ಮ ಜುಟ್ಟು ಸಿಕ್ಕಂತೆ. ಹದಿಮೂರು ತುಂಬಿದ ದಿನ ಹುಡುಗ ತಣ್ಣನೆಯ ನೀರು ದಾಟಿ ಬಂದಾಗ ಓಗಿಯನ್ ಅವನ ತೋಳು ಹಿಡಿದು, ‘ಗೆಡ್’ ಎಂಬ ಹೆಸರನ್ನು ಪಿಸುಗುಡುತ್ತಾನೆ. “ಇದು ನಮ್ಮ ಕುರ್ರ್ ಅಲ್ಲವೇ ಆಯಿ?” ಎಂದು ಮಗಳೇ ಕೇಳಿದಳು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು, ಹಿಂದಿನಿಂದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಎಲ್ಲ ನಡೆಯಿತು ಆ ರಾತ್ರಿ, ನೆನಪಿನಲ್ಲಿ. ಅತ್ತೆ ಈಗಲೂ ಮಾವನವರ ಹೆಸರನ್ನು ಒಡಪಿನಲ್ಲಲ್ಲದೆ ಬಾಯಲ್ಲಿ ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲೂ ನನ್ನ ಕಡೆ ತಿರುಗುತ್ತಾರೆ. ಹಾಗಾಗಿ ವೆಚ್ ಎಂಬ ಗೆಳೆಯ, ಸೋತು ಮುಖ ಸೀಳಿಸಿಕೊಂಡು ಬಂದಿರುವ ಗೆಡ್‌ಗೆ ತನ್ನ ನಿಜನಾಮವನ್ನು ತಾನಾಗಿಯೇ ಹೇಳಿಬಿಡುವ ಜಾಗದಲ್ಲಿ ಮಗಳು ಓದು ನಿಲ್ಲಿಸಿದರೂ ಯಾರೂ ಮುಂದೇನು ಎನ್ನಲಿಲ್ಲ.

ಇಷ್ಟವಾಗದ್ದೂ ಇದೆ. ಯೆವಾಡ್ ಎಂಬ ಡ್ರ್ಯಾಗನ್ನಿನ ಭಾಗ ಅದ್ಭುತ, ಆದರೆ ಒಂದೇ ಅಧ್ಯಾಯದಲ್ಲಿ ಮುಗಿದುಹೋಗುತ್ತದೆ. ಮಗಳ ಅತಿ ದೊಡ್ಡ ತಕರಾರು ಇದೇ. ಆಸ್ಕಿಲ್ ದ್ವೀಪದ ಅರಮನೆಯಲ್ಲಿ ಕಥೆ ಕುಂಟುತ್ತದೆ. ಕೊನೆಯ ಸಮುದ್ರ ಪ್ರಯಾಣದಲ್ಲಿ ಮಗಳು ಎರಡು ಸಲ ನಿದ್ದೆ ಹೋದಳು. ನನಗೆ ಅದೇ ಭಾಗ ಹೆಚ್ಚು ಹಿಡಿಸಿತು. ಆ ನೆರಳಿನ ಹೆಸರೇನೆಂದು ನಾನಿಲ್ಲಿ ಹೇಳುವುದಿಲ್ಲ. ಹೆಂಗಸರ ಮಂತ್ರ ದುರ್ಬಲ, ಹೆಂಗಸರ ಮಂತ್ರ ಕೆಟ್ಟದ್ದು ಎಂಬರ್ಥದ ಗಾದೆಗಳು ಗಾಂಟ್‌ನಲ್ಲಿವೆಯಂತೆ. “ಆಡು ಇಳಿಸಿದವಳು ಯಾರು ಮತ್ತೆ?” ಎಂಬುದು ಅತ್ತೆಯ ಪ್ರಶ್ನೆ. ಲೇಖಕಿಗೂ ಅದು ಕೊರೆದಿರಬೇಕು. ಈ ಸರಣಿಯ 1990ರ ನಾಲ್ಕನೆಯ ಪುಸ್ತಕದಲ್ಲಿ ಈ ವಿಷಯಕ್ಕೇ ಮರಳಿದ್ದಾರೆ.

ಒಬ್ಬರೇ ಕುಳಿತು ಓದುವ ಮಕ್ಕಳಿಗೆ ಕೊಡುವುದಾದರೆ ಯೋಚಿಸಿ ಕೊಡಿ. ಮನೆಯಲ್ಲಿ ಕೇಳುವವರು ಇದ್ದರೆ ಕಣ್ಣು ಮುಚ್ಚಿ ತರಿಸಿ, ದಪ್ಪ ಅಕ್ಷರದ ಮುದ್ರಣ ನೋಡಿ ತರಿಸಿ. ನಾನು ಸರಣಿಯ ಎರಡನೆಯ ಪುಸ್ತಕವನ್ನೂ ತರಿಸಿದ್ದೇನೆ. ಇದರಲ್ಲಿ ಹುಡುಗಿಯೇ ಮುಖ್ಯ ಎಂದಾಗ ಅತ್ತೆ ಅವಳ ಹೆಸರು ಕೇಳಿದರು.

“ಐದಾರು ವರ್ಷದವಳಿದ್ದಾಗಲೇ ಅವಳ ಹೆಸರು ಕಿತ್ತುಕೊಂಡಿದ್ದಾರಂತೆ.”

“ದೀಪ ಹಚ್ಚಿ ಬರುತ್ತೇನೆ, ಅಲ್ಲಿಯವರೆಗೆ ತೆರೆಯಬೇಡಿರಿ” ಎಂದು ಅತ್ತೆ ಒಳಗೆ ಹೋದರು.