ಸುಣ್ಣಕಲ್ಲಿನ ನೆಲಕ್ಕೆ ಮಣ್ಣು ಪರೀಕ್ಷೆ: ಚೀಟಿಯಲ್ಲಿ ಇರುವುದು ಮತ್ತು ಇಲ್ಲದಿರುವುದು

ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಭಾಗದಲ್ಲಿ ಹಳೆಯ ಪರಸಿ (ನೆಲಕ್ಕೆ ಹಾಸುವ ಸುಣ್ಣಕಲ್ಲಿನ ಚಪ್ಪಡಿ) ಖಣಿಗಳ ಅಂಚಿಗೆ ಬೀಳುಬಿದ್ದ ಜಮೀನಿನಲ್ಲಿ ಮತ್ತೆ ಗಿಡಮರ ಎಬ್ಬಿಸಬೇಕೆನ್ನುವವರಿಗೆ ಎಲ್ಲರೂ ಮೊದಲು ಹೇಳುವ ಮಾತು, ಮಣ್ಣು ಪರೀಕ್ಷೆ ಮಾಡಿಸಿ ಎಂಬುದು. ನಮ್ಮ ಮನೆತನದ ಅಂತಹ ಒಂದು ತುಂಡು ಜಮೀನಿನ ಮಣ್ಣನ್ನು ಸರ್ಕಾರಿ ಪ್ರಯೋಗಾಲಯವೊಂದಕ್ಕೆ ಕೊಟ್ಟು ಪಡೆದ ಸೇವೆಯ ವಿಮರ್ಶೆ ಇದು. ಬೆಳೆ ಬೆಳೆಯುವವರಿಗೆ ಈ ಸೇವೆ ನಿಜಕ್ಕೂ ಉಪಯುಕ್ತ. ಆದರೆ ಸುಣ್ಣಕಲ್ಲಿನ ನೆಲದಲ್ಲಿ ಹಸಿರು ಮರಳಿಸಲು ಹೊರಟವರಿಗೆ ಅತ್ಯಗತ್ಯವಾದ ಎರಡು ಅಂಕಿಗಳು ಅಲ್ಲಿ ಕೊಡುವ ಫಲಿತಾಂಶದ ಚೀಟಿಯಲ್ಲಿ, ಅಂದರೆ ಮಣ್ಣು ಆರೋಗ್ಯ ಕಾರ್ಡಿನಲ್ಲಿ, ಇರುವುದೇ ಇಲ್ಲ.

ಮಣ್ಣು ಆರೋಗ್ಯ ಕಾರ್ಡ್ ಯೋಜನೆಯನ್ನು ಕೇಂದ್ರ ಸರ್ಕಾರ 2015ರ ಫೆಬ್ರವರಿಯಲ್ಲಿ ಆರಂಭಿಸಿತು. ಕಾರ್ಡಿನಲ್ಲಿ ಒಟ್ಟು 12 ಅಂಶಗಳಿರುತ್ತವೆ: ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಮತ್ತು ಬೋರಾನ್. ಖರ್ಚಿನ ಮಟ್ಟಿಗೆ ದೂರಲು ಏನೂ ಇಲ್ಲ. ಮಾದರಿ ತೆಗೆಯುವ ಕ್ರಮವನ್ನು ಅಲ್ಲಿನ ಸಿಬ್ಬಂದಿ ತಾಳ್ಮೆಯಿಂದ ವಿವರಿಸಿದರು: ಹೊಲದುದ್ದಕ್ಕೂ ಅಂಕುಡೊಂಕಾಗಿ ನಡೆದು, ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿಗಳನ್ನು ತೋಡಿ, ಗೋಡೆಯಂಚಿನ ಮಣ್ಣನ್ನು ಕೆರೆದು, ಎಲ್ಲವನ್ನೂ ಬೆರೆಸಿ ನಾಲ್ಕು ಪಾಲು ಮಾಡುತ್ತ, ಎದುರುಬದುರಿನ ಪಾಲುಗಳನ್ನಷ್ಟೇ ಉಳಿಸಿಕೊಂಡು ಕೊನೆಗೆ ಅರ್ಧ ಕಿಲೋ ತರಬೇಕು.

ಪರೀಕ್ಷಾ ವಿಧಾನಗಳ ಆಯ್ಕೆಯೂ ನಮ್ಮ ನೆಲಕ್ಕೆ ಸರಿಯಾಗಿಯೇ ಇತ್ತು. ಲಭ್ಯ ರಂಜಕವನ್ನು ಓಲ್ಸೆನ್ ವಿಧಾನದಲ್ಲಿ, ಅಂದರೆ ರಸಸಾರ 8.5ರ ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಿಂದ ಅಳೆದಿದ್ದರು. ಮಲೆನಾಡಿನ ಹುಳಿ ಮಣ್ಣಿಗೆ ಬಳಸುವ ಆಮ್ಲೀಯ ದ್ರಾವಣವನ್ನು ಇಲ್ಲಿ ಬಳಸಿದರೆ ಸುಣ್ಣವೇ ಆಮ್ಲವನ್ನು ಕುಡಿದು ಲೆಕ್ಕ ಕೆಡಿಸುತ್ತದೆ. ಕಬ್ಬಿಣ, ಸತುಗಳಿಗೆ ಬಳಸುವ ಡಿಟಿಪಿಎ ಎಂಬ ರಾಸಾಯನಿಕದ ಪರೀಕ್ಷೆಯಂತೂ ಸುಣ್ಣ ಹೆಚ್ಚಿರುವ ಮಣ್ಣನ್ನು ಗಮನದಲ್ಲಿಟ್ಟುಕೊಂಡೇ ರೂಪುಗೊಂಡದ್ದು. ಬಂದ ಫಲಿತಾಂಶ ಈ ಭಾಗದಲ್ಲಿ ನಿರೀಕ್ಷಿಸುವಂಥದ್ದೇ: ರಸಸಾರ 8ಕ್ಕಿಂತ ಮೇಲೆ, ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗೆ, ರಂಜಕ ಕಡಿಮೆ, ಪೊಟ್ಯಾಷ್ ಧಾರಾಳ, ಸತು ಮತ್ತು ಕಬ್ಬಿಣ ಎರಡೂ ಕೊರತೆಯ ಗೆರೆಯ ಕೆಳಗೆ. ಸತುವಿಗೆ ಆ ಗೆರೆ 0.6 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು ಎಂಬ ಲೆಕ್ಕ), ಕಬ್ಬಿಣಕ್ಕೆ 4.5 ಪಿಪಿಎಂ.

ಇಲ್ಲಿಯವರೆಗೆ ಒಪ್ಪತಕ್ಕದ್ದೇ. ಮುಂದಿನ ಸಾಲಿನಲ್ಲಿ ಯಂತ್ರ ಮುದ್ರಿಸಿದ ಶಿಫಾರಸು ಮಾತ್ರ ಬೇಸರ ತಂದಿತು: ರಸಸಾರ ಹೆಚ್ಚಿರುವುದರಿಂದ ಜಿಪ್ಸಂ ಹಾಕಿರಿ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಮಣ್ಣಿನ ಕಣಗಳಿಗೆ ಅಂಟಿಕೊಂಡ ಸೋಡಿಯಂ ಅನ್ನು ಹೊರದಬ್ಬಿ ಅದರ ಜಾಗದಲ್ಲಿ ಕ್ಯಾಲ್ಸಿಯಂ ಕೂರಿಸುವುದು ಅದರ ಕೆಲಸ, ಹಾಗಾಗಿ ಅದು ಸವಳು-ಚೌಳು ನೆಲದ ಮದ್ದು. ಸುಣ್ಣಕಲ್ಲಿನ ಮೇಲೆಯೇ ಕುಳಿತ ಮಣ್ಣಿನಲ್ಲಿ ಕ್ಯಾಲ್ಸಿಯಂಗೆ ಏನು ಬರ? ಸೋಡಿಯಂ ಎಷ್ಟಿದೆ ಎಂದು ಅಳೆಯದೆ, ಬರೀ ರಸಸಾರ ನೋಡಿ ಈ ಸಲಹೆ ಕೊಟ್ಟರೆ ರೈತನ ದುಡ್ಡು ಮಣ್ಣುಪಾಲು. ಕೇಳಿದಾಗ ಸಿಕ್ಕ ಉತ್ತರ, ತಂತ್ರಾಂಶ ಹಾಗೆ ಕೊಡುತ್ತದೆ ಎಂಬುದು.

ಚೀಟಿಯಲ್ಲಿ ಇಲ್ಲದ ಮೊದಲ ಅಂಕಿ, ಮಣ್ಣಿನಲ್ಲಿ ಬಿಡಿಯಾಗಿರುವ ಸುಣ್ಣದ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ, ಪ್ರಮಾಣ. ಇದು ರಸಸಾರದಿಂದ ತಿಳಿಯುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಶೇ. 5 ಇರಲಿ, ಶೇ. 30 ಇರಲಿ, ರಸಸಾರ ಹೆಚ್ಚುಕಡಿಮೆ 8ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಗಿಡದ ಪಾಲಿಗೆ ಈ ಎರಡು ಮಣ್ಣುಗಳು ಬೇರೆ ಬೇರೆ, ಸುಣ್ಣ ಹೆಚ್ಚಿದಷ್ಟೂ ಹಾಕಿದ ರಂಜಕ ಬೇಗ ಕಟ್ಟಿಕೊಂಡು ಕರಗದ ಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ. ನನ್ನ ಒತ್ತಾಯಕ್ಕೆ ಪ್ರಯೋಗಾಲಯದ ಸಹಾಯಕರೊಬ್ಬರು ಎರಡು ಹೆಂಟೆಗಳನ್ನು ಪಿಂಗಾಣಿ ಬಟ್ಟಲಲ್ಲಿಟ್ಟು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಸಿದರು. ಹೊಲದ ನಡುವಿನ ಕಪ್ಪು ಹೆಂಟೆ ಅಲ್ಲೊಂದು ಇಲ್ಲೊಂದು ಗುಳ್ಳೆ ಬಿಟ್ಟು ಸುಮ್ಮನಾಯಿತು. ಖಣಿಯ ಅಂಚಿನ ಬೂದು ಹೆಂಟೆ ಚರ್ರೆಂದು ನೊರೆಯೆದ್ದು ಬಟ್ಟಲಿನ ಅಂಚಿನವರೆಗೆ ಏರಿತು. “ಇದ್ರಾಗ ಮಣ್ಣಿಗಿಂತ ಸುಣ್ಣಾನೇ ಹೆಚ್ಚ ಅದರಿ” ಎಂದರು ಅವರು. ಎರಡೂ ಮಾದರಿಗಳ ರಸಸಾರದಲ್ಲಿದ್ದ ವ್ಯತ್ಯಾಸ ನಗಣ್ಯ. ಕೆಲವೇ ಕ್ಷಣ ಹಿಡಿಯುವ ಈ ಪರೀಕ್ಷೆಗೆ ಕಾರ್ಡಿನಲ್ಲಿ ಒಂದು ಖಾನೆ ಕೊಟ್ಟಿದ್ದರೆ ಸಾಕಿತ್ತು.

ಬೂದು ಹೆಂಟೆಯ ಮೂಲವೂ ಗುಟ್ಟೇನಲ್ಲ. ಪರಸಿಯನ್ನು ಕೊಯ್ದು ಪಾಲಿಶ್ ಮಾಡುವಲ್ಲಿ ಹರಿಯುವ ಬಿಳಿ ರಾಡಿ ಒಣಗಿ ನುಣ್ಣನೆಯ ಪುಡಿಯಾಗುತ್ತದೆ. ದಪ್ಪ ಹರಳಿನ ಸುಣ್ಣಕ್ಕಿಂತ ಈ ಪುಡಿ ಗಿಡಗಳಿಗೆ ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ನುಣುಪಾದಷ್ಟೂ ಅದು ಬೇಗ ಕರಗಿ ಬೇರಿನ ಸುತ್ತ ಬೈಕಾರ್ಬೊನೇಟ್ ತುಂಬುತ್ತದೆ, ಮೇಲೆ ಹೆಕ್ಕಳಿಕೆಯಂತೆ ಗಟ್ಟಿಯಾಗಿ ಮಳೆನೀರು ಇಂಗಲೂ ಬಿಡುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುವ ಕಬ್ಬಿಣದ ಕೊರತೆ ಅಲ್ಲಿ ಮೊದಲು ಕಾಣುತ್ತದೆ. ಇದಕ್ಕೆ ಮಣ್ಣಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿರಿ ಎಂದು ಚೀಟಿ ಹೇಳಿತ್ತು. ಸುಣ್ಣದ ಮಣ್ಣಿಗೆ ಬಿದ್ದ ಅನ್ನಭೇದಿಯ ಕಬ್ಬಿಣ ಬಹುಬೇಗ ತುಕ್ಕಾಗಿ ಗಿಡಕ್ಕೆ ಸಿಗದಂತಾಗುತ್ತದೆ, ಶೇ. 0.5ರ ದ್ರಾವಣ ಮಾಡಿ ಎಲೆಗೆ ಸಿಂಪಡಿಸುವುದೇ ಸರಿಯಾದ ದಾರಿ. ಅಂಗಡಿಯಲ್ಲಿ ಸಿಗುವ, ಇಡಿಟಿಎ ಎಂಬ ರಾಸಾಯನಿಕ ಹಿಡಿದಿಟ್ಟುಕೊಂಡ ರೂಪದ ಕಬ್ಬಿಣವೂ ಇಂತಹ ರಸಸಾರದಲ್ಲಿ ಹೆಚ್ಚು ದಿನ ತಾಳದು. ಅಂಥದ್ದೇ ಇನ್ನೊಂದಾದ ಇಡಿಡಿಎಚ್‌ಎ ರೂಪದ್ದು ತಾಳುತ್ತದೆ, ಆದರೆ ಅದರ ಬೆಲೆಯಲ್ಲಿ ಬೇವಿನ ಸಸಿ ಸಾಕುವುದು ಯಾರಿಗೂ ಪೂರೈಸುವುದಿಲ್ಲ.

ಗಂಧಕ ಹಾಕಿ ರಸಸಾರ ಇಳಿಸಿ ಎನ್ನುವವರೂ ಇದ್ದಾರೆ. ಒಂದು ಹೆಕ್ಟೇರಿನ 15 ಸೆಂ.ಮೀ. ಮೇಲ್ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಸುಣ್ಣ ಶೇ. 1 ಇದ್ದರೂ 20 ಟನ್ ಆಯಿತು, ಅದನ್ನು ಕರಗಿಸಲು 6 ಟನ್ನಿಗೂ ಮೀರಿ ಗಂಧಕ ಬೇಕು. ಸುಣ್ಣದ ಅಂಕಿ ಕೈಯಲ್ಲಿದ್ದರೆ ಇಂತಹ ಸಲಹೆಯನ್ನು ಅಲ್ಲೇ ಬಿಡಬಹುದು.

ಇಲ್ಲದ ಎರಡನೆಯ ಅಂಕಿ ಮಣ್ಣಿನ ಆಳ. ಸುಣ್ಣಕಲ್ಲು ಸವೆದಾಗ ಅದರ ಬಹುಪಾಲು ನೀರಿನಲ್ಲಿ ಕರಗಿ ಹೋಗುತ್ತದೆ. ಕರಗದೆ ಉಳಿದ ಅಲ್ಪ ಜೇಡಿಯಷ್ಟೇ ಮಣ್ಣಾಗುತ್ತದೆ, ಆದ್ದರಿಂದ ಕಳೆದುಹೋದ ಮಣ್ಣು ನಮ್ಮ ಕಾಲದಲ್ಲಿ ಮರಳಿ ಹುಟ್ಟುವುದಿಲ್ಲ. ಚೀನಾದ ಗ್ವೀಝೌ, ಗ್ವಾಂಗ್ಶಿ ಪ್ರದೇಶಗಳಲ್ಲಿ ಇದೇ ಕಾರಣಕ್ಕೆ ಗುಡ್ಡಗಳು ಬೋಳು ಬಂಡೆಗಳಾದವು, ಅಲ್ಲಿ ಮಣ್ಣು ಕೊಚ್ಚಿಹೋಗುವುದಲ್ಲದೆ ಬಂಡೆಯ ಸಂದುಗಳ ಮೂಲಕ ಕೆಳಕ್ಕೂ ಜಾರುತ್ತದೆ. ನಮ್ಮಲ್ಲಿ ಪರಸಿ ಹಾಸುಹಾಸಾಗಿ ಮಲಗಿರುವುದರಿಂದ ಗೇಣುದ್ದ ಮಣ್ಣಿನ ಕೆಳಗೇ ಕಲ್ಲು ಸಿಗುವ ಜಾಗಗಳಿವೆ, ಪಕ್ಕದಲ್ಲೇ ಆಳವಾದ ಎರೆಯೂ ಇದೆ. 15 ಸೆಂ.ಮೀ. ಮಾದರಿಗೆ ಇವೆರಡೂ ಒಂದೇ. ಮರಕ್ಕೆ ಬೇಕಾದದ್ದು 30, 60, 90 ಸೆಂ.ಮೀ. ಆಳದ ಪ್ರತ್ಯೇಕ ಮಾದರಿಗಳು, ಜೊತೆಗೆ ಬೇರು ಇಳಿಯಲು ಸಂದು ಎಲ್ಲಿದೆ ಎಂಬ ಮಾಹಿತಿ. ಗಡಾರಿ ಹಿಡಿದು ನಾವೇ ಗುದ್ದಿ ನೋಡಿದ ಹೊರತು ಅದು ಗೊತ್ತಾಗುವುದಿಲ್ಲ.

ಚೀಟಿಯ ಸಾಲುಗಳಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಸಾವಯವ ಇಂಗಾಲ. ಸುಣ್ಣದ ನೆಲದಲ್ಲಿ ಹಸಿರು ಮರಳುವಾಗ ಮೊದಲು ಹುಲ್ಲು, ಆಮೇಲೆ ಪೊದೆ, ನಂತರ ಮರ ಎಂಬ ಕ್ರಮದಲ್ಲಿ ಇಂಗಾಲ ಮತ್ತು ಸಾರಜನಕ ಒಟ್ಟಿಗೆ ಏರುತ್ತವೆ. ರಂಜಕ ಮಾತ್ರ ಹಿಂದೆ ಬೀಳುತ್ತದೆ, ಅದನ್ನು ಬಿಡಿಸುವುದು ಬೇರು ಸೂಸುವ ಆಮ್ಲಗಳು ಮತ್ತು ಬೇರಿಗಂಟಿದ ಶಿಲೀಂಧ್ರಗಳು. ಹಾಗಾಗಿ ರಸಗೊಬ್ಬರದ ಚೀಲಕ್ಕಿಂತ ತಂಗಡಿ, ಬಾರಿ, ಸೀತಾಫಲ, ಹೊಂಗೆಗಳ ಉದುರೆಲೆಯನ್ನು ಮೇಯಿಸದೆ, ಸುಡದೆ ಉಳಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಅದೇ ಜಾಗದ ಇಂಗಾಲವನ್ನು ಅಳೆಯಿಸಿದರೆ ನೆಲ ಯಾವ ಕಡೆ ಸಾಗುತ್ತಿದೆ ಎಂಬುದು ಕಾಣುತ್ತದೆ, ಇದಕ್ಕೆ ಈ ಸೇವೆ ಧಾರಾಳವಾಗಿ ಸಾಕು.

ತೊಗರಿ ಬಿತ್ತುವವರು ಕಣ್ಣುಮುಚ್ಚಿ ಹೋಗಬಹುದು. ಐದಕ್ಕೆ ನಾಲ್ಕು ಅಂಕ. ಖಣಿಯ ಅಂಚಿನಲ್ಲಿ ಮರ ನೆಡುವವರ ಮಟ್ಟಿಗೆ ಎರಡೂವರೆ. ಹೋಗುವುದಾದರೆ ಮುಂಗಾರಿಗೆ ಮುಂಚೆ, ಬೇಸಿಗೆಯಲ್ಲೇ ಹೋಗಿರಿ. ರಾಡಿ ಬಿದ್ದ ಜಾಗದ ಮಣ್ಣನ್ನು ಹೊಲದ ಮಣ್ಣಿನ ಜೊತೆ ಬೆರೆಸದೆ ಬೇರೆ ಚೀಲದಲ್ಲಿ ಒಯ್ಯಿರಿ. ಅರ್ಜಿಯಲ್ಲಿ ಬೆಳೆಯ ಹೆಸರಿನ ಜಾಗದಲ್ಲಿ ‘ಮರ ನೆಡಲು’ ಎಂದು ಬರೆದು, ಬಿಡಿ ಸುಣ್ಣದ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಿರಿ. ಕೇಳಿದವರಿಗೆ ಮಾಡಿಕೊಡುತ್ತಾರೆ.