ಓಯೆಜ್: ತೀರ್ಪು ಓದುವ ಮೊದಲು ವಾದ ಕೇಳಿಸುವ ತಾಣ

ಅಮೆರಿಕದ ಸುಪ್ರೀಂ ಕೋರ್ಟಿನ ಕಲಾಪಕ್ಕೆ ಕ್ಯಾಮೆರಾ ಬಿಡುವುದಿಲ್ಲ. ಆದರೆ 1955ರ ಅಕ್ಟೋಬರಿನಿಂದ ಅಲ್ಲಿ ನಡೆಯುವ ವಾದಗಳು ಧ್ವನಿಮುದ್ರಣವಾಗುತ್ತ ಬಂದಿವೆ. ಆ ಧ್ವನಿಯನ್ನು ಪ್ರಕರಣವಾರು ಜೋಡಿಸಿ, ಪುಕ್ಕಟೆಯಾಗಿ ಕೇಳಲು ಇಟ್ಟಿರುವ ತಾಣ ಓಯೆಜ್. ಕಲಾಪ ಶುರುವಾಗುವಾಗ ಕೋರ್ಟಿನ ಮಾರ್ಷಲ್ ಮೂರು ಸಲ ಕೂಗುವ ಪದವೇ ತಾಣದ ಹೆಸರು. ‘ಕೇಳಿರಿ’ ಎಂದು ಅರ್ಥ. ಹೈಸ್ಕೂಲಿನಲ್ಲಿ ಅಮೆರಿಕನ್ ಗವರ್ನ್‌ಮೆಂಟ್ ಓದುವ ವಿದ್ಯಾರ್ಥಿಗಳು ಸುದ್ದಿಯನ್ನೂ ಸಂವಿಧಾನವನ್ನೂ ಒಟ್ಟಿಗೆ ಇಟ್ಟುಕೊಂಡು ಚರ್ಚಿಸಲು ಇದು ಎಷ್ಟು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಇಲ್ಲಿನ ಮಾತು.

ಪ್ರತಿ ಪ್ರಕರಣದ ಪುಟದಲ್ಲೂ ಮೂರು ಭಾಗ: ನಡೆದ ಸಂಗತಿ, ಕೋರ್ಟಿನ ಮುಂದಿದ್ದ ಪ್ರಶ್ನೆ, ಬಂದ ನಿರ್ಣಯ. ಪಕ್ಕದಲ್ಲಿ ಮೌಖಿಕ ವಾದದ ಆಡಿಯೋ ಕೊಂಡಿ. ಅದನ್ನು ಒತ್ತಿದರೆ ಧ್ವನಿಯ ಜೊತೆಜೊತೆಗೇ ಲಿಖಿತ ಪಾಠವೂ ಸರಿಯುತ್ತದೆ, ಮಾತಾಡುತ್ತಿರುವವರು ಯಾರೆಂದೂ ತೋರಿಸುತ್ತದೆ. ಪಾಠದ ಯಾವುದೇ ಸಾಲಿನ ಮೇಲೆ ಒತ್ತಿ ನೇರ ಅಲ್ಲಿಗೇ ಜಿಗಿಯಬಹುದು. ಈ ಒಂದು ಸೌಲಭ್ಯಕ್ಕಾಗಿಯೇ ತಾಣಕ್ಕೆ ಹೋಗಬೇಕು. ಉಳಿದದ್ದೆಲ್ಲ ಬೇರೆ ಕಡೆಯೂ ಸಿಗುತ್ತದೆ.

ತೊಂದರೆ ಶುರುವಾಗುವುದು ಆ ಮೂರನೆಯ ಭಾಗದಿಂದ. ನಿರ್ಣಯದ ಸಾರಾಂಶ ಅಚ್ಚುಕಟ್ಟಾಗಿದೆ, ಅದೇ ಕಷ್ಟ. ವಿದ್ಯಾರ್ಥಿ ಅದನ್ನು ಮೊದಲು ಓದಿಬಿಟ್ಟರೆ ಚರ್ಚೆ ಅಲ್ಲಿಗೇ ಮುಗಿಯಿತು. ಗೆದ್ದವರ ವಾದ ಸಹಜವಾಗಿ ಸರಿಯೆನಿಸುತ್ತದೆ, ಸೋತವರ ವಕೀಲ ಪೆದ್ದನಂತೆ ಕಾಣುತ್ತಾನೆ. ಹಾಗಾಗಿ ಸಂಗತಿ ಮತ್ತು ಪ್ರಶ್ನೆ ಎರಡನ್ನು ಮಾತ್ರ ಕಾಗದಕ್ಕೆ ಇಳಿಸಿ ಹಂಚಿ. ಪುಟದ ಕೊಂಡಿಯನ್ನು ತರಗತಿ ಮುಗಿದ ಮೇಲೆ ಕೊಡಿ.

ಯಾವ ಪ್ರಕರಣದಿಂದ ಆರಂಭಿಸುವುದು? ಎಲ್ಲರೂ 1969ರ ಟಿಂಕರ್ ಪ್ರಕರಣಕ್ಕೆ ಹೋಗುತ್ತಾರೆ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಕಪ್ಪು ತೋಳುಪಟ್ಟಿ ಕಟ್ಟಿಕೊಂಡು ಬಂದ ವಿದ್ಯಾರ್ಥಿಗಳನ್ನು ಡೆ ಮಾಯ್ನ್ ನಗರದ ಶಾಲೆಗಳು ಅಮಾನತು ಮಾಡಿದ್ದವು, ಕೋರ್ಟು 7–2ರಿಂದ ವಿದ್ಯಾರ್ಥಿಗಳ ಪರ ನಿಂತಿತು. ಪ್ರಕರಣ ದೊಡ್ಡದೇ, ಆದರೆ ಕೇಳಿಸಲು ಮೊದಲು ಅದನ್ನು ಹಚ್ಚಬೇಡಿ. ಹಳೆಯ ಮುದ್ರಣಗಳಲ್ಲಿ ಧ್ವನಿ ಮಂಕು. ಆ ಕಾಲದ ಕೆಲವು ಪಾಠಗಳಲ್ಲಿ ಪ್ರಶ್ನೆ ಕೇಳಿದ ನ್ಯಾಯಮೂರ್ತಿ ಯಾರೆಂಬುದೇ ಗುರುತಾಗಿಲ್ಲ. ಕೋರ್ಟಿನ ಅಧಿಕೃತ ಪ್ರತಿಗಳಲ್ಲೇ ನ್ಯಾಯಮೂರ್ತಿಗಳ ಹೆಸರು ಬರತೊಡಗಿದ್ದು 2004ರ ಅವಧಿಯಿಂದ (ಅವಧಿ ಎಂದರೆ ಅಕ್ಟೋಬರಿನಲ್ಲಿ ಶುರುವಾಗುವ ಕೋರ್ಟಿನ ವರ್ಷ).

ಹೊಸಬರಿಗೆ ಹೇಳಿ ಮಾಡಿಸಿದಂತಿರುವುದು 2020ರ ಮೇ ತಿಂಗಳಿಂದ 2021ರ ಮೇವರೆಗಿನ ವಾದಗಳು. ಕೋವಿಡ್ ಕಾರಣ ಆಗ ಎಲ್ಲವೂ ಫೋನಿನಲ್ಲಿ ನಡೆದವು. ಒಬ್ಬರ ಮೇಲೊಬ್ಬರು ಮಾತಾಡದಿರಲೆಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಹಿರಿತನದ ಪ್ರಕಾರ ಒಬ್ಬೊಬ್ಬರ ಹೆಸರು ಕರೆದು ಸರದಿ ಕೊಡುತ್ತಿದ್ದರು. ವಕೀಲರಿಗೆ ಇದು ಬೇಸರ ತಂದಿರಬಹುದು, ಕಿವಿಗೆ ಮಾತ್ರ ಹಬ್ಬ. ಯಾರು, ಯಾರಿಗೆ, ಏನು ಕೇಳಿದರು ಎಂಬ ಗೊಂದಲವೇ ಇಲ್ಲ.

ಅದೇ ಕಂತಿನಲ್ಲಿ ಬರುತ್ತದೆ ಮಹನೋಯ್ ಪ್ರಕರಣ. ವಾದ 2021ರ ಏಪ್ರಿಲ್ 28ರಂದು, ತೀರ್ಪು ಜೂನ್ 23ರಂದು. ಪೆನ್ಸಿಲ್ವೇನಿಯಾದ ವಿದ್ಯಾರ್ಥಿನಿಯೊಬ್ಬಳು ಚಿಯರ್‌ಲೀಡಿಂಗ್‌ನ ಮೇಲಿನ ತಂಡಕ್ಕೆ ಆಯ್ಕೆಯಾಗದ ಸಿಟ್ಟಿಗೆ, ವಾರಾಂತ್ಯದಲ್ಲಿ, ಶಾಲೆಯ ಹೊರಗಿನಿಂದ ಸ್ನ್ಯಾಪ್‌ಚಾಟ್‌ನಲ್ಲಿ ಬೈಗುಳ ಹಾಕಿದಳು. ಶಾಲೆ ಅವಳನ್ನು ಒಂದು ವರ್ಷ ಅವಳಿದ್ದ ಕಿರಿಯರ ತಂಡದಿಂದಲೂ ಹೊರಗಿಟ್ಟಿತು. ಕೋರ್ಟು 8–1ರಿಂದ ಅವಳ ಪರ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಬ್ರೇಯರ್, ಭಿನ್ನಮತ ಥಾಮಸ್ ಅವರದು. ಹದಿನಾರು ವರ್ಷದವರಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇರೆ ಬೇಕೆ? ಟಿಂಕರ್ ಇಲ್ಲೇ ಒಳಗೆ ಬರಲಿ: ಶಾಲೆಯ ಕೆಲಸಕ್ಕೆ ಗಣನೀಯ ಅಡಚಣೆಯಾದರೆ ಮಾತ್ರ ತಡೆಯಬಹುದು ಎಂಬ ಅದರ ಅಳತೆಗೋಲು ಶಾಲೆಯ ಗೇಟಿನ ಹೊರಗೂ, ಫೋನಿನ ಒಳಗೂ ನಡೆಯುತ್ತದೆಯೇ? ಹೈಸ್ಕೂಲಿನವರು ಈ ವಿಷಯದಲ್ಲಿ ಬರೆಯುವ ಕಾಲೇಜು ಮಟ್ಟದ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆಯ ನಾಲ್ಕು ಬರಹದ ಪ್ರಶ್ನೆಗಳಲ್ಲಿ ಒಂದು, ಪಠ್ಯದಲ್ಲಿರುವ ಪ್ರಕರಣವನ್ನು ಪಠ್ಯದಲ್ಲಿಲ್ಲದ ಇನ್ನೊಂದರ ಜೊತೆ ಹೋಲಿಸುವಂಥದ್ದು. ಟಿಂಕರ್ ಕಡ್ಡಾಯ ಪಟ್ಟಿಯಲ್ಲಿದೆ, ಮಹನೋಯ್ ಇಲ್ಲ. ಆ ಅಭ್ಯಾಸಕ್ಕೂ ಈ ಜೋಡಿ ಸಾಕು.

ಐವತ್ತು ನಿಮಿಷದ ತರಗತಿಗೆ ಹೀಗೆ ಹೊಂದಿಸಬಹುದು. ಮೊದಲ ಐದು ನಿಮಿಷ, ವಾಕ್ ಸ್ವಾತಂತ್ರ್ಯ ಕಾಪಾಡುವ ಸಂವಿಧಾನದ ಮೊದಲನೇ ತಿದ್ದುಪಡಿಯನ್ನು ಗಟ್ಟಿಯಾಗಿ ಓದಿಸಿ. ಇಂಗ್ಲಿಷಿನಲ್ಲಿ ಇರುವುದೇ 45 ಪದ. ಮುಂದಿನ ಐದು ನಿಮಿಷ ಸಂಗತಿ ಮತ್ತು ಪ್ರಶ್ನೆ. ಆಮೇಲೆ ಹನ್ನೆರಡು ನಿಮಿಷ ಆಡಿಯೋ: ಶಾಲೆಯ ವಕೀಲರಿಂದ ಆರು, ವಿದ್ಯಾರ್ಥಿನಿಯ ವಕೀಲರಿಂದ ಆರು. ಪೂರ್ತಿ ವಾದ ಹಾಕಿದರೆ ಹದಿನೈದನೇ ನಿಮಿಷಕ್ಕೆ ಹಿಂದಿನ ಬೆಂಚು ಮಲಗಿರುತ್ತದೆ. ಕೇಳುವಾಗ ಕೈಗೊಂದು ಕೆಲಸವಿರಲಿ. ನ್ಯಾಯಮೂರ್ತಿಗಳು ಒಡ್ಡುವ ಕಾಲ್ಪನಿಕ ಸನ್ನಿವೇಶಗಳನ್ನು ಮಾತ್ರ ಬರೆದುಕೊಳ್ಳಬೇಕು. ‘ಹಾಗಾದರೆ ಇಂಥ ಮಾತಿಗೂ ಶಿಕ್ಷೆ ಕೊಡಬಹುದೇ?’ ಎಂಬ ಬಗೆಯ ಪ್ರಶ್ನೆಗಳವು. ಅಮೆರಿಕದ ಸಾಂವಿಧಾನಿಕ ವಾದದ ಬೆನ್ನೆಲುಬೇ ಅದು: ನೀನು ಕೇಳುವ ನಿಯಮ ನಾಳೆ ಎಲ್ಲಿಯವರೆಗೆ ಹಿಗ್ಗುತ್ತದೆ? ಉಳಿದ ಹೊತ್ತಿನಲ್ಲಿ ಮೂರು ಮೂರು ಮಂದಿಯ ಗುಂಪುಗಳು ಇನ್ನೊಂದೊಂದು ಸನ್ನಿವೇಶ ಕಟ್ಟಿ ಎದುರು ಗುಂಪಿಗೆ ಎಸೆಯಲಿ.

ಇಲ್ಲಿ ತಪ್ಪದೆ ಆಗುವ ಎಡವಟ್ಟು ಒಂದಿದೆ. ಅರ್ಜಿದಾರ ಎಂದರೆ ಅನ್ಯಾಯಕ್ಕೊಳಗಾದವರು ಎಂದು ವಿದ್ಯಾರ್ಥಿಗಳು ಎಣಿಸುತ್ತಾರೆ. ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರೆಂದರೆ ಕೆಳಗಿನ ಕೋರ್ಟಿನಲ್ಲಿ ಸೋತು ಬಂದವರು, ಅಷ್ಟೇ. ಪ್ರಕರಣದ ಹೆಸರಿನಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಅವರೇ. ಟಿಂಕರ್‌ನಲ್ಲಿ ಅರ್ಜಿದಾರರು ವಿದ್ಯಾರ್ಥಿಗಳು, ಮಹನೋಯ್‌ನಲ್ಲಿ ಶಾಲಾ ಜಿಲ್ಲೆ, ಅಂದರೆ ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ. ಇದನ್ನು ಮೊದಲೇ ಹೇಳದಿದ್ದರೆ ಅರ್ಧ ತರಗತಿ ತಪ್ಪು ಪಕ್ಷದ ಪರ ವಾದಿಸಲು ಸಿದ್ಧವಾಗಿ ಬಂದಿರುತ್ತದೆ.

ಇನ್ನೊಂದು, ಮೊದಲನೇ ತಿದ್ದುಪಡಿ ಶುರುವಾಗುವುದೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಕಟ್ಟು ಹಾಕುವುದರಿಂದ. ಹದಿನಾಲ್ಕನೇ ತಿದ್ದುಪಡಿಯ ಮೂಲಕ ಅದು ರಾಜ್ಯಗಳಿಗೂ, ಅಲ್ಲಿಂದ ಸರ್ಕಾರಿ ಶಾಲೆಗಳಿಗೂ ಹಬ್ಬಿತು. ಖಾಸಗಿ ಕಂಪನಿಯೊಂದು ಪೋಸ್ಟ್ ಅಳಿಸಿದರೆ ಸಂವಿಧಾನ ಮುರಿದಂತಾಗುವುದಿಲ್ಲ. ಸುದ್ದಿ ಚರ್ಚೆಯಲ್ಲಿ ಅತಿ ಹೆಚ್ಚು ಕೇಳಿಬರುವ ತಪ್ಪು ಇದೇ. ಓಯೆಜ್‌ನ ಸಾರಾಂಶಗಳು ಇದನ್ನು ಗೊತ್ತಿದೆಯೆಂದೇ ಭಾವಿಸಿ ಮುಂದೆ ಹೋಗುತ್ತವೆ.

ಸುದ್ದಿಗೆ ಹತ್ತಿರದ ಪ್ರಕರಣ ಬೇಕೆನ್ನುವವರಿಗೆ ಟಿಕ್‌ಟಾಕ್ ಇದೆ. ಚೀನಾದ ಮಾಲೀಕ ಕಂಪನಿ ಕೈಬಿಡದಿದ್ದರೆ ಆ ವಿಡಿಯೋ ಆ್ಯಪನ್ನು ಅಮೆರಿಕದಲ್ಲಿ ನಿಷೇಧಿಸುವ ಕಾಯ್ದೆಗೆ ಸಹಿ ಬಿದ್ದದ್ದು 2024ರ ಏಪ್ರಿಲ್ 24ರಂದು, ವಾದ 2025ರ ಜನವರಿ 10ಕ್ಕೆ, ತೀರ್ಪು ಒಂದೇ ವಾರದಲ್ಲಿ, ಜನವರಿ 17ಕ್ಕೆ. ಕಾಯ್ದೆ ಉಳಿಯಿತು, ಭಿನ್ನಮತವಿಲ್ಲ. ಚೀನಾ ಸರ್ಕಾರ ವಿಡಿಯೋಗಳ ಮೂಲಕ ಮನಸ್ಸು ತಿರುಗಿಸೀತು ಎಂಬ ಭಯಕ್ಕೇ ಕೋರ್ಟು ಮಣಿಯಿತು ಎಂದು ತುಂಬ ಜನ ತಿಳಿದಿದ್ದಾರೆ. ಆದರೆ ಕೋರ್ಟು ಊರಿ ನಿಂತದ್ದು ಬಳಕೆದಾರರ ಮಾಹಿತಿ ಸಂಗ್ರಹದ ಕಾರಣದ ಮೇಲೆ, ಅದೂ ಮಧ್ಯಮ ಮಟ್ಟದ ಪರಿಶೀಲನೆಯಲ್ಲಿ, ಅಂದರೆ ವಾಕ್ ಸ್ವಾತಂತ್ರ್ಯದ ಪ್ರಕರಣಗಳಲ್ಲಿ ಬಳಸುವ ಅತಿ ಕಠಿಣ ಒರೆಗಲ್ಲಿಗೆ ಹಚ್ಚದೆ. ವಾದ ಎರಡು ಗಂಟೆಗೂ ಹೆಚ್ಚು. ಮಾತಿನ ನಿರ್ಬಂಧವೋ, ಮಾಲೀಕತ್ವದ ನಿಯಂತ್ರಣವೋ ಎಂದು ಜಗ್ಗಾಡುವ ತುಣುಕನ್ನು ಮೊದಲೇ ಆರಿಸಿಟ್ಟುಕೊಳ್ಳಿ.

ಆದರೆ ಸುದ್ದಿಯ ವಿಷಯದಲ್ಲೇ ಈ ತಾಣ ಸೊರಗುವುದು. ದಿನಪತ್ರಿಕೆಯಲ್ಲಿ ಗದ್ದಲವೆಬ್ಬಿಸುವ ಎಷ್ಟೋ ಆದೇಶಗಳು ತುರ್ತು ಅರ್ಜಿಗಳ ಮೇಲೆ, ಬಹುಪಾಲು ಮೌಖಿಕ ವಾದವಿಲ್ಲದೆ ಹೊರಬೀಳುತ್ತವೆ. ವಾದವೇ ಇಲ್ಲವೆಂದ ಮೇಲೆ ಓಯೆಜ್‌ನಲ್ಲಿ ಕೇಳಲು ಏನಿದೆ? ಕೆಳ ಕೋರ್ಟುಗಳ ತಡೆಯಾಜ್ಞೆಗಳೂ ಇಲ್ಲಿ ಸಿಗುವುದಿಲ್ಲ. ಜೂನಿನಲ್ಲಿ ತೀರ್ಪು ಬಂದಾಗ ನ್ಯಾಯಮೂರ್ತಿ ಅದನ್ನು ಓದಿ ಹೇಳುವ ಧ್ವನಿಯನ್ನೂ ಕೋರ್ಟು ಕೂಡಲೇ ಬಿಡುವುದಿಲ್ಲ, ಮುಂದಿನ ಅವಧಿವರೆಗೆ ಕಾಯಬೇಕು.

ಮತ ಹಂಚಿಕೆ ತೋರಿಸುವ ಜಾಗದಲ್ಲಿ ನ್ಯಾಯಮೂರ್ತಿಗಳನ್ನು ಸಿದ್ಧಾಂತದ ಪ್ರಕಾರ ಸಾಲಾಗಿ ನಿಲ್ಲಿಸುವ ಆಯ್ಕೆಯೂ ಇದೆ. ಅದನ್ನು ಬಳಸದಿದ್ದರೆ ಒಳಿತು. ಒತ್ತಿದ ಕೂಡಲೇ ತರಗತಿ ಎರಡು ಪಕ್ಷವಾಗಿ ಒಡೆಯುತ್ತದೆ. ಬಳಸಲೇಬೇಕೆಂದರೆ 1989ರ ಟೆಕ್ಸಾಸ್ ವಿರುದ್ಧ ಜಾನ್ಸನ್ ಪುಟದಲ್ಲಿ ಬಳಸಿ. ಧ್ವಜ ಸುಟ್ಟ ಪ್ರತಿಭಟನಕಾರನ ಪರ 5–4. ಬಹುಮತ ಬರೆದದ್ದು ಉದಾರವಾದಿ ಬ್ರೆನನ್, ಅವರ ಜೊತೆ ನಿಂತವರಲ್ಲಿ ಸಂಪ್ರದಾಯವಾದಿ ಸ್ಕಲಿಯಾ ಕೂಡ ಒಬ್ಬರು, ಉದಾರವಾದಿಯೆನಿಸಿದ ಸ್ಟೀವನ್ಸ್ ಎದುರು ಸಾಲಿನಲ್ಲಿ. ಸಾಲು ಕಲಸಿಹೋಗುತ್ತದೆ, ಆಗ ನಿಜವಾದ ಪ್ರಶ್ನೆ ಏಳುತ್ತದೆ: ಯಾಕೆ?

ಜೊತೆಗಿಟ್ಟುಕೊಳ್ಳಲು ಎರಡು ತಾಣ. ಫಿಲಡೆಲ್ಫಿಯಾದ ನ್ಯಾಷನಲ್ ಕಾನ್‌ಸ್ಟಿಟ್ಯೂಶನ್ ಸೆಂಟರ್‌ನ ಇಂಟರಾಕ್ಟಿವ್ ಕಾನ್‌ಸ್ಟಿಟ್ಯೂಶನ್‌ನಲ್ಲಿ ಭಿನ್ನ ನಿಲುವಿನ ಇಬ್ಬರು ವಿದ್ವಾಂಸರು ಒಪ್ಪುವಷ್ಟನ್ನು ಸೇರಿ ಬರೆದು, ಒಪ್ಪದ್ದನ್ನು ಬೇರೆ ಬೇರೆ ಬರೆದಿದ್ದಾರೆ. ಓಯೆಜ್‌ನಲ್ಲಿ ಇಲ್ಲದ ಹಿನ್ನೆಲೆ ಅಲ್ಲಿದೆ. ಕಾಂಗ್ರೆಸ್ಸಿನ ಗ್ರಂಥಾಲಯದ ಕಾನ್‌ಸ್ಟಿಟ್ಯೂಶನ್ ಅನೊಟೇಟೆಡ್ ಶಿಕ್ಷಕರಿಗೆ ಸರಿ, ವಿದ್ಯಾರ್ಥಿಗಳಿಗೆ ಭಾರ. ಪೂರ್ತಿ ತೀರ್ಪು ಓದಲು ಹೊರಟವರಿಗೆ ಒಂದು ಕಿವಿಮಾತು: ಆರಂಭದಲ್ಲಿರುವ ‘ಸಿಲಬಸ್’ ಎಂಬ ಸಾರಾಂಶ ನ್ಯಾಯಮೂರ್ತಿಗಳು ಬರೆದದ್ದಲ್ಲ, ತೀರ್ಪುಗಳನ್ನು ಅಚ್ಚಿಗೆ ಸಿದ್ಧಪಡಿಸುವ ಕೋರ್ಟಿನದೇ ಅಧಿಕಾರಿಯಾದ ‘ರಿಪೋರ್ಟರ್’ ಕಚೇರಿಯದು. ಉಲ್ಲೇಖ ಬೇಕಿದ್ದರೆ ಅದನ್ನು ದಾಟಿ ಮುಂದಕ್ಕೆ ಹೋಗಿ.